ನನ್ನ ಬಾವಿಯ ಉಪ್ಪು

ನಾನು ಶಾಲೆ ಬಿಟ್ಟದ್ದು ೧೯೮೮ರಲ್ಲಿ, ಏಳನೆಯ ಇಯತ್ತೆ ಪಾಸಾದ ಮೇಲೆ. ಪಾಸಾಗಿ ಬಿಟ್ಟೆ, ನಪಾಸಾಗಿ ಅಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆ ಮಳೆಗಾಲ ಮಂಜಗುಣಿಯ ನಮ್ಮ ಗಜನಿ ಗದ್ದೆಯ ಒಡ್ಡು ಒಡೆದು ಗಂಗಾವಳಿಯ ಉಪ್ಪುನೀರು ಒಳಗೆ ನುಗ್ಗಿತ್ತು. ಗಜನಿಯೆಂದರೆ ಹೊಳೆ ಸಮುದ್ರ ಸೇರುವ ಕಡೆಯ ತಗ್ಗು ಭೂಮಿ. ಮಳೆ ಬಿದ್ದು ಉಪ್ಪು ತೊಳೆದುಹೋದಾಗ ಅಲ್ಲಿ ಭತ್ತ, ಕೊಯ್ಲಾದ ಮೇಲೆ ಉಬ್ಬರದ ನೀರು ಬಿಟ್ಟುಕೊಂಡರೆ ಮೀನು, ಸಿಗಡಿ. ನೀರನ್ನು ಬಿಡುವುದಕ್ಕೂ ತಡೆಯುವುದಕ್ಕೂ ಒಡ್ಡಿನ ನಡುವೆ ಹಲಗೆಯ ಬಾಗಿಲು ಇರುತ್ತದೆ, ಅದಕ್ಕೆ ಜಂತ್ರಡಿ ಎನ್ನುತ್ತೇವೆ. ಒಡ್ಡು ಕಟ್ಟುವುದಕ್ಕೆ ಅಪ್ಪನೊಬ್ಬನ ಕೈ ಸಾಲುತ್ತಿರಲಿಲ್ಲ. ಮಣ್ಣು ಹೊರಲು ನಾನು ನಿಂತೆ. ಒಡ್ಡು ಮತ್ತೆ ಎದ್ದಿತು, ನಾನು ಶಾಲೆಗೆ ಮರಳಲಿಲ್ಲ.

ಬಿಡುವಾಗ ಒಂದು ಪ್ರಶ್ನೆ ಬಾಕಿ ಉಳಿದಿತ್ತು. ವಿಜ್ಞಾನದ ಮಾಸ್ತರರು ಒಂದು ದಿನ ಈರುಳ್ಳಿಯ ತೆಳುಪೊರೆ ಸುಲಿದು ತೋರಿಸಿ, ಹಲಗೆಯ ಮೇಲೆ ಚಿರೆಕಲ್ಲಿನ ಗೋಡೆಯಂತೆ ಸಾಲು ಸಾಲು ಚೌಕ ಬರೆದಿದ್ದರು. "ಇವು ಜೀವಕೋಶ. ಈರುಳ್ಳಿ, ನೀವು, ನಾನು, ಎಲ್ಲಾ ಇಂಥ ಸಣ್ಣ ಸಣ್ಣ ಕೋಣೆಯಿಂದ್ಲೇ ಆಗಿದ್ದು" ಎಂದರು. ನಾನು ಕೈಯೆತ್ತಿದೆ.

"ಸರ್, ಈ ಕೋಣೆಗೆ ಬಾಗಿಲೇ ಇಲ್ವಲ್ಲ? ಒಳಗಿದ್ದೋರು ಊಟ ಹೆಂಗೆ ಮಾಡ್ತ್ರು?"

ಇಡೀ ವರ್ಗ ನಕ್ಕಿತು. ಮಾಸ್ತರರು ನಗಲಿಲ್ಲ. "ಅದು ಮುಂದಿನ ವರ್ಷದ ಪಾಠ" ಎಂದರು. ಆ ಮುಂದಿನ ವರ್ಷ ನನಗೆ ಬರಲೇ ಇಲ್ಲ.

ನಮ್ಮ ಮನೆ ಗಜನಿಯ ಅಂಚಿಗೆ. ಆಗ ಅಲ್ಲಿ ಬಾವಿ ಇರಲಿಲ್ಲ. ಆಯಿ, ಎಂದರೆ ನನ್ನ ತಾಯಿ, ನೀರಿಗೆ ಗುಡ್ಡದ ಬುಡದ ದೊಡ್ಡ ಮನೆಗೆ ಹೋಗುತ್ತಿದ್ದಳು. ಆ ಮನೆಯ ಯಜಮಾನತಿಯನ್ನು ಕೇರಿಯವರೆಲ್ಲ ದೊಡ್ಡಾಯಿ ಎಂದೇ ಕರೆಯುತ್ತಿದ್ದರು. ಅವಳು ನೀರು ಕೊಡುತ್ತಿದ್ದಳು, ಆದರೆ ಮಾತು ಸೇರಿಸದೆ ಕೊಡುತ್ತಿರಲಿಲ್ಲ. ಒಂದು ಬೇಸಿಗೆ ನನ್ನೆದುರಿಗೇ ಆಯಿಗೆ ಕೇಳಿದಳು: "ಅಲ್ವೇ, ನಿಮ್ಮನೆಯವ್ರು ನೀರು ಕುಡಿತ್ರಾ, ಗದ್ದೆಗೆ ಬಿಡ್ತ್ರಾ? ನಮ್ಮ ಬಾವಿ ತಳ ಕಾಣ್ತಾ ಅದೆ." ಆಯಿ ಅರ್ಧ ತುಂಬಿದ ಕೊಡಪಾನವನ್ನು ಹಾಗೆಯೇ ಸೊಂಟಕ್ಕೇರಿಸಿಕೊಂಡು ಮನೆಗೆ ಬಂದಳು. ದಾರಿಯುದ್ದಕ್ಕೂ ಕೊಡಪಾನದೊಳಗೆ ನೀರು ತುಳುಕುವ ಸದ್ದು ಮಾತ್ರ ನನ್ನ ಕಿವಿಯಲ್ಲಿ ಉಳಿಯಿತು.

ಚಿರೆಕಲ್ಲಿನ ಕ್ವಾರಿಯಲ್ಲಿ ಕೂಲಿ ಮಾಡುತ್ತ ಕಲ್ಲು ಕಡಿಯುವುದು ಕಲಿತೆ. ಕೈಗೆ ಬಲ ಬಂದ ವರ್ಷ ಹಿತ್ತಿಲಲ್ಲಿ ನಾನೇ ಬಾವಿ ತೋಡಿದೆ. ಕಲ್ಲನ್ನೂ ನಾನೇ ಕಡಿದು ತಂದು ಸುತ್ತ ಕಟ್ಟಿದೆ. ಮೊದಲ ಮಳೆಗೆ ಬಾವಿ ತುಂಬಿದಾಗ ಮೊದಲ ಕೊಡಪಾನ ಎತ್ತಿ ಆಯಿಯ ಮುಂದಿಟ್ಟು, "ಇನ್ನು ಗುಡ್ಡದ ಬಾವಿ ಕಡೆ ಕಾಲು ಹಾಕೂದು ಬ್ಯಾಡ" ಎಂದೆ. ಆಯಿ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ನನ್ನ ತಲೆಯ ಮೇಲೆ ಒದ್ದೆ ಕೈ ಇಟ್ಟಳು. ಅಂದಿನಿಂದ ಮನೆಗೆ ಯಾರು ಬಂದರೂ ಮೊದಲು ನೀರು. ಬಂದವರು ಕುಡಿದು ತಂಬಿಗೆ ಕೆಳಗಿಡುವವರೆಗೆ ನಾನು ಜಗಲಿಯ ಕಂಬ ಹಿಡಿದು ಅವರ ಮುಖ ನೋಡುತ್ತ ನಿಲ್ಲುತ್ತಿದ್ದೆ. ಬೇಸಿಗೆಯಲ್ಲಿ ಬಂದ ಕೆಲವರು ಒಂದು ಗುಟುಕಿಗೇ ನಿಲ್ಲಿಸುತ್ತಿದ್ದರು. ಅವರಿಗೆ ಬಾಯಾರಿಕೆ ಇರಲಿಕ್ಕಿಲ್ಲ ಎಂದುಕೊಳ್ಳುತ್ತಿದ್ದೆ.

ನನ್ನ ಹೆಂಡತಿ ಅಗಸೂರಿನ ಕಡೆಯವಳು. ಗಂಗಾವಳಿ ಅವಳ ತವರಿನ ಕಡೆ ಸಿಹಿನೀರಿನ ಹೊಳೆ. ಅದೇ ಹೊಳೆ ನಮ್ಮಲ್ಲಿಗೆ ಬರುವಾಗ ಸಮುದ್ರದ ಬಾಯಿಗೆ ಬಾಯಿ ಕೊಟ್ಟಿರುತ್ತದೆ. ಮೇ ತಿಂಗಳಲ್ಲಿ ಮದುವೆ. ಮನೆ ತುಂಬಿದ ದಿನ ಅವಳಿಗೆ ನಾನೇ ನೀರು ಸೇದಿ ಕೊಟ್ಟೆ. ಕುಡಿದಳು.

"ಹೆಂಗದೆ?" ಎಂದೆ.

ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. "ತಣ್ಣಗದೆ" ಎಂದಳು.

ನನಗೆ ಅಷ್ಟು ಸಾಕಾಯಿತು.

ಅಪ್ಪ ತೀರಿಕೊಂಡ, ಮಗಳು ಹುಟ್ಟಿದಳು. ೨೦೦೩ರ ಬೇಸಿಗೆಯ ಹೊತ್ತಿಗೆ ಅವಳು ಬಾಯಿತುಂಬ ಮಾತಾಡುತ್ತಿದ್ದಳು, ಕೋಳಿಗಳಿಗೆ ಹೆಸರಿಟ್ಟಿದ್ದಳು, ಜಗಲಿಯಿಂದ ಅಂಗಳಕ್ಕೆ ಜಿಗಿಯುವುದನ್ನು ಹೊಸದಾಗಿ ಕಲಿತಿದ್ದಳು. ಒಂದು ಬೆಳಿಗ್ಗೆ ಅವಳಿಗೆ ಭೇದಿ ಹತ್ತಿತು. ಹಿಂದಿನ ದಿನ ಮನೆಯಲ್ಲಿ ಇಶಾಡು ಮಾವಿನಹಣ್ಣು ಕೊಯ್ದಿದ್ದೆವು. "ಹಣ್ಣು ಹೆಚ್ಚಾಯ್ತು, ತನ್ನಷ್ಟಕ್ಕೆ ನಿಲ್ತದೆ" ಎಂದಳು ಆಯಿ. ಮಧ್ಯಾಹ್ನವಾದರೂ ನಿಲ್ಲಲಿಲ್ಲ. ನಾನು ಅಂಗನವಾಡಿಗೆ ಹೋಗಿ ಪುಡಿಯ ಪಾಕೀಟು ತಂದೆ, ನೀರಿಗೆ ಕಲಸಿ ಕುಡಿಸುವಂಥದು, ಎಲ್ಲರಿಗೂ ಗೊತ್ತಿರುವುದೇ.

ಪಾಕೀಟಿನ ಮೇಲೆ ಕನ್ನಡದಲ್ಲಿ ಬರೆದದ್ದನ್ನು ಎರಡೆರಡು ಸಲ ಓದಿದೆ. ಕಾಯಿಸಿ ಆರಿಸಿದ ಒಂದು ಲೀಟರ್ ನೀರು. ಅಂಕೋಲೆ ಬಸ್‌ಸ್ಟ್ಯಾಂಡಿನಲ್ಲಿ ಯಾವತ್ತೋ ಕೊಂಡ ನೀರಿನ ಬಾಟಲಿ ಇತ್ತು, ಸರಿಯಾಗಿ ಒಂದು ಲೀಟರಿನದು. ನೀರನ್ನು ನಾನೇ ಸೇದಿದೆ, ನಾನೇ ಒಲೆಯ ಮೇಲಿಟ್ಟೆ. ಕೂಸಿನ ವಿಷಯ, ಕಡಿಮೆ ಕಾಯಿಸಬಾರದೆಂದು ಪಾತ್ರೆಯ ನೀರು ಇಳಿಯುವವರೆಗೂ ಕುದಿಸಿದೆ. ಆರಿಸಿ, ಅಳೆದು, ಪುಡಿ ಕಲಸಿದೆ. ಅವಳು ಎರಡೂ ಕೈಯಿಂದ ಲೋಟ ಹಿಡಿದು ಕುಡಿದಳು, ಇನ್ನೂ ಬೇಕೆಂದಳು. ಕೊಟ್ಟೆವು. ಕುಡಿದಷ್ಟೂ ಕೇಳಿದಳು. "ನೋಡು, ಹೆಂಗೆ ಕುಡಿತಾ ಅದೆ! ಸಂಜೆ ಒಳಗೆ ಎದ್ದು ಕುಣಿತದೆ" ಎಂದಳು ಆಯಿ.

ಮರುದಿನ ಬೆಳಿಗ್ಗೆ ಅವಳು ಕುಣಿಯಲಿಲ್ಲ. ಕಣ್ಣು ಒಳಗೆ ಹೋಗಿದ್ದವು. ನೀರು, ನೀರು ಎಂದು ಅಳುತ್ತಿದ್ದಳು, ಆ ಅಳುವಿಗೆ ಕಣ್ಣೀರಿರಲಿಲ್ಲ. ಕೋಳಿ ಜಗಲಿ ಹತ್ತಿ ಹತ್ತಿರ ಬಂದರೂ ಕೈ ಚಾಚಲಿಲ್ಲ. ಹೆಂಡತಿ ಬಟ್ಟೆ ಮುಟ್ಟಿ ನೋಡಿ ನನ್ನನ್ನು ಒಳಗೆ ಕರೆದಳು.

"ಉಚ್ಚೆ ಹೊಯ್ಲೇ ಇಲ್ಲ. ನಿನ್ನೆ ಸಂಜೆಯಿಂದ."

ರಿಕ್ಷಾ ಕರೆದುಕೊಂಡು ಬರುತ್ತೇನೆಂದು ಅಂಗಿ ಹಾಕುತ್ತಿದ್ದೆ, ಅಷ್ಟರಲ್ಲಿ ನರ್ಸಬಾಯಿ ಅಂಗಳಕ್ಕೆ ಬಂದರು. ಮನೆಮನೆ ತಿರುಗುವುದು ಅವರ ಕೆಲಸ, ನಮ್ಮ ಕಡೆಗೆ ಹೊಸದಾಗಿ ವರ್ಗವಾಗಿ ಬಂದವರು. ಕಾರವಾರದ ಹತ್ತಿರದ ಕದ್ವಾಡದವರು. ಮನೆಯಲ್ಲಿ ಕೊಂಕಣಿ ಮಾತಾಡುವವರಾದ್ದರಿಂದ ಅವರ ಕನ್ನಡಕ್ಕೆ ಒಂದು ಬೇರೆಯೇ ರಾಗ. ಚಪ್ಪಲಿ ಬಿಟ್ಟು ನೇರ ಕೂಸಿನ ಹತ್ತಿರ ಕುಳಿತು, ಹೊಟ್ಟೆಯ ಮೇಲಿನ ಚರ್ಮವನ್ನು ಎರಡು ಬೆರಳಿನಿಂದ ಚಿವುಟಿ ಎತ್ತಿ ಬಿಟ್ಟರು. ಅದು ತಟ್ಟನೆ ಕೂರಲಿಲ್ಲ, ನಿಧಾನ ಇಳಿಯಿತು.

"ನೀರು ಕೊಡ್ಲಿಲ್ವಾ ಇದಕ್ಕೆ?"

"ಬಾಯೋರೇ, ಪಾಕೀಟಿನ ನೀರೇ ಕುಡಿಸ್ತಾ ಇದ್ದದ್ದು. ಬಾಟ್ಲಿಗಟ್ಲೆ" ಎಂದೆ.

ಬಾಟಲಿ ತೆಗೆದು ಅಂಗೈಗೆ ಸ್ವಲ್ಪ ಸುರಿದುಕೊಂಡು ನೆಕ್ಕಿದರು. ಮುಖ ಕಿವುಚಿದರು.

"ಅರೇ ದೇವಾ! ಎಷ್ಟು ಪಾಕೀಟು ಹಾಕಿದ್ರಿ?"

"ಬಾಟ್ಲಿಗೆ ಒಂದೇ. ಬರ್ದಂಗೇ ಹಾಕಿದ್ದು."

"ಮತ್ತೆ ಮೇಲಿಂದ ಉಪ್ಪು?"

"ಉಪ್ಪೆಂತಕೆ ಹಾಕೂದು?"

"ನೀರು ಯಾವ್ದು?"

"ನನ್ನ ಬಾವೀದು" ಎಂದೆ. ಆ ಹೊತ್ತಿಗೂ ನನ್ನ ದನಿಯಲ್ಲಿ ಬಾವಿಯ ಹೆಮ್ಮೆ ಇದ್ದಿರಬೇಕು.

ಒಲೆಯ ಬದಿಯ ಕೊಡಪಾನದಿಂದ ಒಂದು ಲೋಟ ನೀರು ತರಿಸಿ ರುಚಿ ನೋಡಿದರು. ಲೋಟವನ್ನು ನನಗೆ ಕೊಟ್ಟರು. ನಾನು ಕುಡಿದೆ. ನೀರಿನಂತೆ ಇತ್ತು. ಆಯಿಯೂ ಕುಡಿದಳು. "ಇದಕ್ಕೆಂತ ಆಗಿದೆ? ದಿನಾ ಕುಡಿಯೂ ನೀರೇ."

"ದಿನಾ ಕುಡಿತ್ರಿ, ಅದಕ್ಕೇ ಗೊತ್ತಾಗೂದಿಲ್ಲ" ಎಂದರು ನರ್ಸಬಾಯಿ. "ಕದ್ವಾಡದಲ್ಲಿ ನಮ್ಮ ತಾಯಿ ಬಾವೀನೂ ಹಿಂಗೇ. ಏಪ್ರಿಲ್ ಬಂತು ಅಂದ್ರೆ ಖಾರಿ ನೀರು, ಉಪ್ಪುನೀರು, ಕೆಳಗಿಂದ ಸೇರ್ತದೆ. ಮನೆಯವ್ರಿಗೆ ಒಬ್ರಿಗೂ ಗೊತ್ತಿಲ್ಲ, ಬಂದ ನೆಂಟ್ರಿಗೆ ಮಾತ್ರ ಗೊತ್ತು. ನಿಮ್ಮ ನೀರಲ್ಲೇ ಉಪ್ಪದೆ. ಕುದ್ಸಿದ್ರಿ, ನೀರು ಇಂಗಿ ಉಪ್ಪು ಮತ್ತೂ ಹೆಚ್ಚಾಯ್ತು. ಮೇಲಿಂದ ಪಾಕೀಟಿನ ಉಪ್ಪು."

ಆಮೇಲೆ ಹೆಂಡತಿ, ಕೂಸಿನ ತಲೆ ಸವರುತ್ತಲೇ, ತನಗೆ ತಾನೇ ಹೇಳಿಕೊಳ್ಳುವಂತೆ ಅಂದಳು: "ಹೌದಲ್ಲ. ಬೇಸಿಗೇಲಿ ನಾ ಸಾರಿಗೆ ಉಪ್ಪು ಹಾಕೂದೇ ಇಲ್ಲ."

ನಾನು ಅವಳನ್ನು ನೋಡಿದೆ. ಅವಳು ತಲೆಯೆತ್ತಲಿಲ್ಲ. "ಬಂದ ವರ್ಷ ನಾಲಿಗೆಗೆ ಗೊತ್ತಾಗ್ತಿತ್ತು. ಈಗ ಕೈ ತನ್ನಷ್ಟಕ್ಕೆ ಕಮ್ಮಿ ಹಾಕ್ತದೆ, ಎಂತಕೆ ಅಂತ ಮರ್ತೇ ಹೋಗಿತ್ತು."

"ಅಯ್ಯೋ, ಅದಕ್ಕೇ ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಬೇಗ ಖಾಲಿ ಆಗೂದಾ! ನಾ ಹೆಗ್ಣ ತಿಂತದೆ ಅಂದ್ಕಂಡಿದ್ದೆ" ಎಂದಳು ಆಯಿ. ನಗುವ ಹೊತ್ತಲ್ಲ ಅದು, ಆದರೂ ನರ್ಸಬಾಯಿಯ ಬಾಯಂಚು ಸ್ವಲ್ಪ ಸಡಿಲವಾಯಿತು. ಅದನ್ನು ಕಂಡು ನನಗೆ ತುಸು ಧೈರ್ಯ ಬಂತು.

"ಈಗ ಕೇಳಿ" ಎಂದರು ಅವರು. "ಕೂಸು ಎಚ್ಚರ ಅದೆ, ಬಾಯಿಂದ ಕುಡಿತದೆ. ಸಿಹಿನೀರಲ್ಲಿ ಹೊಸ ಪಾಕೀಟು ಕಲ್ಸಿ ನಾ ಇಲ್ಲೇ ಕೂತು ಕುಡಸ್ತೇನೆ. ನೀವು ರಿಕ್ಷಾ ಹೇಳಿಡಿ. ಮಧ್ಯಾಹ್ನ ಊಟದ ಹೊತ್ತಿಗೆ ಉಚ್ಚೆ ಆದ್ರೆ ಸರಿ. ಆಗ್ಲಿಲ್ಲ, ಇಲ್ಲಾ ಅದಕ್ಕೆ ಮಂಪರು ಬಂತು ಅಂದ್ರೆ ಒಂದು ಕ್ಷಣ ಇಲ್ಲಿ ನಿಲ್ಲೂದಲ್ಲ, ಅಂಕೋಲೆಗೆ ಹೋಗಿ ಸಲಾಯನ್ ಹಚ್ಚೂದೇ. ಸಿಹಿನೀರು ಎಲ್ಲದೆ ಹತ್ರ?"

ಎಲ್ಲಿದೆಯೆಂದು ಮನೆಯವರಿಗೆಲ್ಲ ಗೊತ್ತಿತ್ತು. ಆಯಿ ಬಾಗಿಲ ಕಡೆ ನೋಡಿದಳು, ಹೆಂಡತಿ ನೆಲ ನೋಡಿದಳು. ನಾನು ಕೊಡಪಾನದ ಉಳಿದ ನೀರನ್ನು ಅಂಗಳಕ್ಕೆ ಚೆಲ್ಲಿ, ಅದನ್ನು ಹೆಗಲಿಗೇರಿಸಿಕೊಂಡು ಗುಡ್ಡದ ಬುಡಕ್ಕೆ ನಡೆದೆ. ಪಕ್ಕದ ಮನೆಯ ಫೋನಿನಿಂದ ರಿಕ್ಷಾ ಹೇಳಲು ಆಯಿಯನ್ನು ಕಳಿಸಿದೆ.

ದಾರಿ ಗಜನಿಯ ಒಡ್ಡಿನ ಮೇಲೆಯೇ ಹೋಗುತ್ತದೆ. ಒಂದು ಬದಿಗೆ ಉಬ್ಬರದ ನೀರು, ಇನ್ನೊಂದು ಬದಿಗೂ ನೀರು. ಕಣ್ಣು ಹಾಯುವಷ್ಟು ನೀರು, ನನ್ನ ಕೂಸಿಗೆ ಕುಡಿಯಲು ಒಂದು ಚಮಚ ಇರಲಿಲ್ಲ. ಓಡಿದೆ. ಓಡುತ್ತಲೇ ಏನು ಹೇಳುವುದೆಂದು ಮನಸ್ಸಿನಲ್ಲಿ ಜೋಡಿಸಿಕೊಂಡೆ. ದೊಡ್ಡ ಮನೆಯ ತಡೆಗೋಲು ದಾಟುವಾಗ ಜೋಡಿಸಿದ್ದೆಲ್ಲ ಬಿದ್ದುಹೋಯಿತು.

ದೊಡ್ಡಾಯಿ ಜಗಲಿಯಲ್ಲಿ ಕಾಲು ಚಾಚಿ ಹುಣಸೆಹಣ್ಣು ಬಿಡಿಸುತ್ತಿದ್ದಳು. ತುಂಬ ಮುದಿಯಾಗಿದ್ದಳು. ನಾಲಿಗೆಗೆ ಮಾತ್ರ ವಯಸ್ಸಾಗಿರಲಿಲ್ಲ.

"ಹೋಯ್! ದಾರಿ ತಪ್ಪಿ ಬಂದ್ಯೇನೋ ತಮಾ?"

"ನೀರು ಬೇಕಾಗಿತ್ತು ದೊಡ್ಡಾಯಿ."

"ನಿನ್ನ ಬಾವಿಗೆಂತ ಆಯ್ತು? ಊರಿಗೆಲ್ಲಾ ನೀರು ಕುಡ್ಸಿ ಮುಖ ನೋಡ್ತ ನಿಲ್ತಿದ್ಯಂತೆ."

"ಉಪ್ಪಾಗದೆ."

ಆ ಒಂದು ಮಾತು ಹೇಳುವುದಕ್ಕೆ, ಬಾವಿ ತೋಡುವಾಗ ಸಿಕ್ಕ ಕರಿಕಲ್ಲು ಒಡೆದಷ್ಟು ಕಷ್ಟವಾಯಿತು.

"ಉಪ್ಪಾಗದ್ಯಾ? ಯಾವಾಗಿಂದ?"

"ಮೊದ್ಲಿಂದ್ಲೂ ಅಂತೆ. ನಮಗೆ ಇವತ್ತು ಗೊತ್ತಾಯ್ತು."

ಅವಳು ತಲೆ ಹಿಂದಕ್ಕೆ ಹಾಕಿ ನಕ್ಕಳು, ಹಲ್ಲಿಲ್ಲದ ಬಾಯಿ ತುಂಬ. ನಾನು ತಡೆದುಕೊಂಡು ನಿಂತೆ. "ಕೂಸಿಗೆ ಹುಷಾರಿಲ್ಲ. ನಿನ್ನೆಯಿಂದ ಭೇದಿ. ನಮ್ಮ ನೀರು ಕುಡ್ಸೂಕೆ ಆಗೂದಿಲ್ಲ" ಎಂದೆ.

ನಗು ಅರ್ಧಕ್ಕೆ ನಿಂತಿತು. ಮಡಿಲಿನ ಹುಣಸೆಹಣ್ಣನ್ನು ಹಾಗೆಯೇ ನೆಲಕ್ಕೆ ಸುರಿದು ಎದ್ದಳು. "ಅದನ್ನ ಮೊದ್ಲು ಹೇಳೂಕೆ ನಿನಗೆ ಬಾಯಿಲ್ವಾ? ನನ್ನ ಹತ್ರ ನಗಸ್ತಾ ನಿಂತಿದ್ದಾನೆ!" ಎನ್ನುತ್ತ ಒಳಗೆ ಹೋಗಿ, ದೊಡ್ಡ ಹಿತ್ತಾಳೆ ತಂಬಿಗೆಯಲ್ಲಿ ನೀರು ತಂದಳು. ಬೆಳಿಗ್ಗೆ ತನಗೆಂದು ಕಾಯಿಸಿ ಆರಿಸಿಟ್ಟದ್ದು. "ಕೊಡಪಾನ ತುಂಬ್ಸಿ ಮತ್ತೆ ಕಾಯ್ಸಿ ಆರ್ಸೂಕೆ ಎಷ್ಟು ಹೊತ್ತು ಬೇಕು? ಇದನ್ನ ತಗಂಡು ಓಡು. ಕೊಡಪಾನ ಇಲ್ಲಿಡು, ತುಂಬ್ಸಿ ಕಳಸ್ತೆ."

ತಂಬಿಗೆಯ ಬಾಯಿಗೆ ಅಂಗೈ ಮುಚ್ಚಿಕೊಂಡು ಒಡ್ಡಿನ ಮೇಲೆ ನಡೆದೆ. ಈ ಸಲ ಓಡುವ ಹಾಗಿರಲಿಲ್ಲ.

ನರ್ಸಬಾಯಿ ಹೊಸ ಪುಡಿ ಕಲಸಿ ಚಮಚದಲ್ಲಿ ಕುಡಿಸಲು ಶುರುಮಾಡಿದರು. ಕೂಸು ಲೋಟಕ್ಕೇ ಕೈ ಹಾಕಿತು. "ಗಟಗಟ ಬ್ಯಾಡ ಬಾಳಾ, ವಾಂತಿ ಆಗ್ತದೆ. ಚೂರು ಚೂರು" ಎಂದು ಅದರ ಕೈಯನ್ನು ಮೆಲ್ಲಗೆ ಸರಿಸಿದರು. ಒಂದು ಚಮಚ, ಸ್ವಲ್ಪ ತಡೆದು ಇನ್ನೊಂದು. ಹೆಂಡತಿಯ ಕಣ್ಣು ಚಮಚದ ಹಿಂದೆಯೇ ಹೋಗಿ ಬರುತ್ತಿತ್ತು. ನನಗೆ ಕೂರಲು ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಕಡೆಗೆ ಕೇಳಿಯೇಬಿಟ್ಟೆ.

"ಬಾಯೋರೇ, ಅಷ್ಟು ನೀರು ಕುಡೀತು. ಹೊಟ್ಟೆಗೆ ಹೋದ ನೀರು ಎಲ್ಲಿಗೆ ಹೋಯ್ತು?"

ಅವರು ಸುತ್ತ ನೋಡಿದರು. ಅಡಿಗೆಮನೆಯ ಮೂಲೆಯಲ್ಲಿ ಮಾವಿನ ಮಿಡಿಯ ಭರಣಿಗಳಿದ್ದವು. ಆ ವರ್ಷದ ಮಿಡಿ, ಉಪ್ಪಿಗೆ ಹಾಕಿ ಇಟ್ಟದ್ದು.

"ಆ ಮಿಡಿಗೆ ಎಂತ ಹಾಕಿದ್ರಿ?"

"ಹರಳುಪ್ಪು" ಎಂದಳು ಹೆಂಡತಿ.

"ನೀರು?"

"ಒಂದು ಹನಿ ಹಾಕೂಕಿಲ್ಲ. ಹಾಕಿದ್ರೆ ಬೂಸ್ಲು ಬತ್ತದೆ."

"ಈಗ ಮುಚ್ಚಳ ತೆಗೆದ್ರೆ ಒಳಗೆಂತ ಕಾಣ್ತದೆ?"

"ಭರಣಿ ತುಂಬ ನೀರು. ಮಿಡಿ ಸುಕ್ಕಾಗಿ..." ಎಂದವಳು ಅಲ್ಲಿಗೇ ನಿಂತಳು. ಮಗಳ ಹೊಟ್ಟೆಯ ಕಡೆ ನೋಡಿದಳು.

"ಹಾಂ, ಅಷ್ಟೇ" ಎಂದರು ನರ್ಸಬಾಯಿ, ಇನ್ನೊಂದು ಚಮಚ ಕೊಡುತ್ತ. "ಉಪ್ಪು ಎಲ್ಲಿ ಹೆಚ್ಚದೆಯೋ ನೀರು ಆ ಕಡೆ ಹೋಗ್ತದೆ. ಮಿಡಿ ಒಳಗಿನ ನೀರು ಹೊರಗೆ ಬಂತು. ಇಲ್ಲೂ ಹಂಗೇ, ಕರುಳಿನೊಳಗೆ ಉಪ್ಪು ಹೆಚ್ಚಾದ್ರೆ ಮೈಯೊಳಗಿನ ನೀರು ಅತ್ಲಾಗೆ ಹೋಗ್ತದೆ. ಕುಡಿದಷ್ಟೂ ಬಾಯಾರ್ತದೆ."

"ಹಂಗಾದ್ರೆ ಪಾಕೀಟಿಗೆ ಉಪ್ಪು ಎಂತಕೆ ಹಾಕ್ತ್ರು? ಬರೀ ನೀರು ಕೊಟ್ರಾಗೂದಿಲ್ವಾ?"

"ಬರೀ ನೀರಿಗೆ ಕರುಳಲ್ಲಿ ಕಾಲು ನಿಲ್ಲೂದಿಲ್ಲ. ಯಾರಾದ್ರೂ ಕರ್ಕಂಡು ಹೋಗ್ಬೇಕು. ಕೇಳಿ, ನಮ್ಮ ಮೈಯೆಲ್ಲಾ ಸಣ್ಣ ಸಣ್ಣ ಕೋಶ. ಒಂದೊಂದು ಕೋಶಕ್ಕೂ ಗೋಡೆ ಅದೆ. ಆ ಗೋಡೇಲಿ ಬಾಗಿಲವೆ..."

ನನ್ನ ಕಿವಿ ನಿಮಿರಿತು.

"ಬಾಗಿಲದ್ಯಾ?" ಎಂದೆ. ದನಿ ಸ್ವಲ್ಪ ಜೋರಾಯಿತೆಂದು ಕಾಣುತ್ತದೆ, ಕೂಸು ನನ್ನತ್ತ ತಿರುಗಿತು.

"ಅದೆಯಲ್ಲ! ಒಂದಲ್ಲ, ಲೆಕ್ಕವಿಲ್ಲದಷ್ಟು. ಆದ್ರೆ ಎಲ್ಲಾ ಬಾಗಿಲೂ ಎಲ್ರಿಗೂ ತೆಗೆಯೂದಿಲ್ಲ. ಕರುಳಿನ ಗೋಡೇಲಿ ಒಂದು ಬಾಗಿಲದೆ. ಉಪ್ಪು ಒಬ್ನೇ ಬಂದ್ರೆ ಆ ಬಾಗಿಲು ತೆಗೆಯೂದಿಲ್ಲ. ಸಕ್ಕರೆ ಒಬ್ಳೇ ಬಂದ್ರೂ ಇಲ್ಲ. ಇಬ್ರೂ ಕೈ ಹಿಡ್ಕಂಡು ಬಂದ್ರೆ ತೆಗಿತದೆ. ಅವ್ರು ಒಳಗೆ ಹೋದ್ರೆ ಹಿಂದಿಂದ ನೀರೂ ಹೋಗ್ತದೆ. ಅದಕ್ಕೇ ಪಾಕೀಟಲ್ಲಿ ಎರಡೂ ಇರೂದು, ಅಳತೆ ಮಾಡಿ. ಭೇದಿ ಎಷ್ಟೇ ಇರ್ಲಿ, ಆ ಬಾಗಿಲು ಮಾತ್ರ ಕೆಟ್ಟಿರೂದಿಲ್ಲ."

"ಮದ್ವೆ ಮನೆ ಇದ್ದಂಗಾಯ್ತಲ್ಲ" ಎಂದಳು ಬಾಗಿಲಲ್ಲಿ ಆಯಿ. "ಗಂಡ ಹೆಂಡ್ತಿ ಜೋಡಿ ಬಂದ್ರೆ ಮಾತ್ರ ಒಳಗೆ ಕರೆಯೂದು."

"ನಮ್ಮ ಜಂತ್ರಡಿ ಇದ್ದಂಗೆ" ಎಂದೆ ನಾನು. "ಬೇಕಾದ ನೀರಿಗೆ ತೆಗೆಯೂದು, ಬ್ಯಾಡದ್ದಕ್ಕೆ ಮುಚ್ಚೂದು."

"ಹಂಗೇಯ. ಆದ್ರೆ ನಿಮ್ಮ ಜಂತ್ರಡಿ ತೆಗೆಯೂಕೆ ನೀವು ಬೇಕು. ಇಲ್ಲಿ ಯಾರೂ ನಿಂತಿಲ್ಲ, ಬಾಗಿಲಿಗೇ ಗೊತ್ತದೆ."

ಬಾಗಿಲಿಗೇ ಗೊತ್ತಿದೆ. ಆ ಮಾತನ್ನು ಹಿಡಿದುಕೊಂಡು ನಾನು ಮಗಳ ಹೊಟ್ಟೆಯನ್ನು ನೋಡುತ್ತ ಕುಳಿತೆ. ಹೊರಗಿಂದ ಏನೂ ಕಾಣುವುದಿಲ್ಲ. ಚಮಚ ಬಾಯಿಗೆ ಹೋಗುತ್ತಿತ್ತು, ಗಂಟಲು ಒಂದು ಸಲ ಆಡುತ್ತಿತ್ತು, ಅಷ್ಟೇ. ಅದರಾಚೆ ಕತ್ತಲೆಯಲ್ಲಿ ಯಾವುದೋ ಬಾಗಿಲ ಮುಂದೆ ಉಪ್ಪೂ ಸಕ್ಕರೆಯೂ ಕೈ ಹಿಡಿದು ನಿಂತಿರಬೇಕು. ತೆಗೆಯಿರಪ್ಪ ಎಂದು ಮನಸ್ಸಿನಲ್ಲೇ ಕೇಳಿಕೊಂಡೆ. ನಮ್ಮ ದೇವರಿಗೆ ಹೇಳಿಕೊಳ್ಳುವ ರೀತಿಯಲ್ಲೇ ಹೇಳಿಕೊಂಡೆ, ಹೇಳಿದ್ದು ಮಾತ್ರ ಆ ಬಾಗಿಲಿಗೆ.

ರಿಕ್ಷಾ ಬಂದು ಅಂಗಳದ ಹೊರಗೆ ನಿಂತಿತು. ಹಿಂದೆಯೇ ದೊಡ್ಡಾಯಿ. ಯಾರ ಕೈಯಲ್ಲೂ ಕಳಿಸದೆ ತಾನೇ ಕೊಡಪಾನ ಹೊತ್ತು ಬಂದಿದ್ದಳು. ನೀರು ತುಳುಕಿ ಅವಳ ಸೀರೆಯ ಒಂದು ಬದಿ ಪೂರ್ತಿ ಒದ್ದೆಯಾಗಿತ್ತು. ಆಯಿ ಎದ್ದು ಹೋಗಿ ಕೊಡಪಾನ ಇಳಿಸಿಕೊಂಡಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ತುಂಬ ತುಂಬ್ಸಿದ್ದೆ ಇವತ್ತು" ಎಂದಳು ದೊಡ್ಡಾಯಿ. "ಅರ್ಧ ಅಲ್ಲ."

ಅವಳಿಗೂ ನೆನಪಿತ್ತು. ಆಯಿ ಒಳಗಿಂದ ಮಣೆ ತಂದು ಹಾಕಿದಳು. ದೊಡ್ಡಾಯಿ ಕುಳಿತು, ಒದ್ದೆ ಸೆರಗು ಹಿಂಡಿಕೊಂಡಳು.

ಬಿಸಿಲು ತಲೆಯ ಮೇಲೆ ಬಂತು. ನರ್ಸಬಾಯಿ ಅವರ ಕೈ ನೋಯತೊಡಗಿ ಚಮಚ ಹೆಂಡತಿಯ ಕೈಗೆ ಹೋಯಿತು, ಕೂಸು ನನ್ನ ತೊಡೆಗೆ ಬಂತು. ತುಟಿ ಮೊದಲಿನಷ್ಟು ಒಣಗಿರಲಿಲ್ಲ. ನೀರು ನೀರು ಎನ್ನುವುದು ನಿಂತಿತ್ತು. ಮಂಪರೋ ಸಮಾಧಾನವೋ ತಿಳಿಯದೆ ನಾನು ಅದರ ಕಿವಿಯ ಹತ್ತಿರ ಕೋಳಿಗಳ ಹೆಸರು ಹೇಳಿದೆ. ಒಂದನ್ನು ಬೇಕೆಂದೇ ತಪ್ಪು ಹೇಳಿದೆ.

"ಅಲ್ಲ" ಎಂದಿತು ಕೂಸು. ಸಣ್ಣ ದನಿ, ಆದರೆ ಸಿಟ್ಟಿತ್ತು.

ಊಟದ ಹೊತ್ತು ಹತ್ತಿರವಾಯಿತು. ನರ್ಸಬಾಯಿ ಗಡಿಯಾರ ನೋಡಿಕೊಂಡು, "ಹೊರಡೂದೇ ಒಳ್ಳೇದು ಕಾಣ್ತದೆ, ಬಟ್ಟೆ ಕಟ್ಟಿ" ಎಂದರು. ಹೆಂಡತಿ ಎದ್ದು ಒಳಗೆ ಹೋದಳು. ನಾನು ಮಗಳನ್ನು ಎತ್ತಿಕೊಳ್ಳಲು ಒಂದು ಮೊಣಕಾಲು ಊರಿದೆ. ಆಗ ನನ್ನ ತೊಡೆ ಬೆಚ್ಚಗಾಯಿತು.

ಮೊದಲು ಅರ್ಥವಾಗಲಿಲ್ಲ. ಆಮೇಲೆ ಪಂಚೆಯಿಂದ ಇಳಿದು ಸಗಣಿ ಸಾರಿಸಿದ ನೆಲದ ಮೇಲೆ ಸಣ್ಣಗೆ ಹರಿಯಿತು.

"ಹೊಯ್ತು!" ಎಂದು ಕೂಗಿದೆ. "ಉಚ್ಚೆ ಹೊಯ್ತು!"

ಹೆಂಡತಿ ಓಡಿ ಬಂದಳು. ನನ್ನ ಒದ್ದೆ ಪಂಚೆಯನ್ನು ಕೈಯಿಂದ ಮುಟ್ಟಿ ನೋಡಿ ಅಲ್ಲೇ ಕುಸಿದು ಕುಳಿತು ಅತ್ತಳು. ನರ್ಸಬಾಯಿ ಕೂಸಿನ ಹೊಟ್ಟೆ ಚಿವುಟಿ ನೋಡಿ, "ಆಯ್ತು. ಬಾಗಿಲು ತೆಗೀತು" ಎಂದರು. ದೊಡ್ಡಾಯಿ ಹೊರಗಿನ ರಿಕ್ಷಾದವನಿಗೆ ಕೇಳುವಂತೆ, "ನೀ ಹೋಗೋ ಮರಾಯಾ, ನಿನಗೆ ಉಚ್ಚೆ ಹೊಯ್ದ ಸುದ್ದಿ ಸಾಕು ಇವತ್ತಿಗೆ!" ಎಂದು ಕೂಗಿದಳು. ಅವನು ನಗುತ್ತ ರಿಕ್ಷಾ ತಿರುಗಿಸಿದ. ಆ ಪಂಚೆಯನ್ನು ನಾನು ಸಂಜೆಯವರೆಗೆ ಬದಲಿಸಲಿಲ್ಲ.

ಭೇದಿ ಪೂರ್ತಿ ನಿಲ್ಲುವವರೆಗೆ ನರ್ಸಬಾಯಿ ಬಂದು ನೋಡಿ ಹೋದರು. ಹಾಗೆ ಬಂದಾಗ ಒಮ್ಮೆ, ನಮ್ಮ ಮನೆಯ ಚಹಾ ಕುಡಿಯುತ್ತ (ಗುಡ್ಡದ ಬಾವಿಯ ನೀರಿನದು), ನನ್ನ ಹಳೆಯ ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡರು. ಈರುಳ್ಳಿ ಪೊರೆ, ಮಾಸ್ತರರು, ಬಾಗಿಲಿಲ್ಲದ ಕೋಣೆ, ಎಲ್ಲ. ಅವರು ನಗಲಿಲ್ಲ, ಮಾಸ್ತರರ ಹಾಗೆಯೇ.

"ಮುಂದಿನ ವರ್ಷದ ಪಾಠದಲ್ಲಿ ಇನ್ನೂ ಒಂದು ಅದೆ, ಕೇಳ್ತ್ರಾ?" ಎಂದರು. "ಕೋಶದ ಗೋಡೇಲಿ ಒಂದು ಪಂಪೂ ಅದೆ. ಉಪ್ಪು ಹೆಂಗೋ ಒಳಗೆ ನುಸುಳ್ತಾನೇ ಇರ್ತದೆ. ಅದನ್ನ ಎತ್ತಿ ಎತ್ತಿ ಹೊರಗೆ ಹಾಕ್ತಾ ಇರೂದೇ ಆ ಪಂಪಿನ ಕೆಲ್ಸ. ನಾವು ಉಂಡ ಅನ್ನದ ಶಕ್ತಿ ಎಷ್ಟೋ ಪಾಲು ಅದಕ್ಕೇ ಹೋಗ್ತದೆ. ಮಲಗಿದ್ರೂ ನಿಲ್ಲೂದಿಲ್ಲ. ಅದು ನಿಂತ್ರೆ ಮನುಷ್ಯ ನಿಂತ."

ನಾನು ಗಜನಿಯ ಕಡೆ ನೋಡಿದೆ. ಹದಿಮೂರು ಹದಿನಾಲ್ಕರ ಪ್ರಾಯದಿಂದ ನಾನು ಮಾಡಿದ್ದು ಇದೇ. ಒಡ್ಡಿನ ಬಿರುಕು ಮುಚ್ಚುವುದು, ನುಸುಳಿದ ಉಪ್ಪುನೀರನ್ನು ಎತ್ತಿ ಹೊರಗೆ ಹಾಕುವುದು, ಮರುದಿನ ಮತ್ತೆ ಅದನ್ನೇ ಮಾಡುವುದು. ಇದೊಂದು ಮುಗಿಯದ ಕೂಲಿ ಎಂದು ಎಷ್ಟೋ ಸಲ ಬೇಸರಪಟ್ಟಿದ್ದೆ. ನನ್ನ ಮೈಯ ಒಂದೊಂದು ಕೋಣೆಯಲ್ಲೂ ಅದೇ ಕೆಲಸ ನಡೆದಿದೆ ಎಂದು ತಿಳಿದ ಮೇಲೆ ಆ ಬೇಸರ ಅಷ್ಟು ಬರುವುದಿಲ್ಲ.

ಬಾವಿಯನ್ನು ಮುಚ್ಚಲಿಲ್ಲ. ಮಳೆ ಬಿದ್ದ ಮೇಲೆ ಅದು ಸಿಹಿಯೇ. ಮಳೆಗಾಲದಿಂದ ಸಂಕ್ರಾಂತಿಯವರೆಗೆ ಯಾರು ಬಂದರೂ ಈಗಲೂ ಅದರ ನೀರನ್ನೇ ಕೊಡುತ್ತೇನೆ, ಈಗಲೂ ಮುಖ ನೋಡುತ್ತೇನೆ. ಬೇಸಿಗೆ ಹತ್ತಿದೊಡನೆ ಗುಡ್ಡದ ಬುಡಕ್ಕೆ ಹೋಗುವುದು. ದೊಡ್ಡಾಯಿ ಇರುವವರೆಗೆ ಪ್ರತಿ ಬೇಸಿಗೆಯ ಮೊದಲ ದಿನ, "ಬಂತಾ ನಿನ್ನ ಬಾವಿಗೆ ಸಮುದ್ರ?" ಎಂದು ಕೇಳುವುದನ್ನು ಬಿಡಲಿಲ್ಲ. ನಾನೂ ಮಿಡಿಯ ಒಂದು ಸಣ್ಣ ಭರಣಿ ಕೊಂಡೊಯ್ಯುವುದನ್ನು ಬಿಡಲಿಲ್ಲ. ಮನೆಯಲ್ಲಿ ಒಂದು ದಿನ ಹೆಂಡತಿಗೆ ಕೇಳಿದೆ, "ಬಂದ ದಿನವೇ ಗೊತ್ತಾಗಿತ್ತಲ್ಲ, ಉಪ್ಪು ಅಂತ ಎಂತಕೆ ಹೇಳ್ಲಿಲ್ಲ ನೀನು?"

"ತಣ್ಣಗದೆ ಅಂದಿದ್ನಲ್ಲ" ಎಂದಳು. "ಅದು ಸುಳ್ಳೇನಾಗಿರ್ಲಿಲ್ಲ." ಆಮೇಲೆ, ಅಕ್ಕಿ ಆರಿಸುವುದನ್ನು ನಿಲ್ಲಿಸದೆ, "ಆ ಕಂಬ ಹಿಡ್ಕಂಡು ನಿಂತಿದ್ರಲ್ಲ ನೀವು. ಆ ಮುಖ ನೋಡಿ ಯಾರಿಗೆ ಹೇಳೂಕೆ ಮನಸ್ಸು ಬತ್ತದೆ?" ಎಂದಳು.

ಮಗಳು ಈ ಸಲ ಮಿಡಿ ಉಪ್ಪಿಗೆ ಹಾಕುವಾಗ ಭರಣಿಯ ಹತ್ತಿರ ಕುಳಿತು, "ಅಪ್ಪಾ, ನೀರು ಹಾಕ್ಲೇ ಇಲ್ಲ, ಮತ್ತೆ ನೀರು ಎಲ್ಲಿಂದ ಬತ್ತದೆ?" ಎಂದು ಕೇಳಿದಳು. ಅವಳ ಇಯತ್ತೆಯಲ್ಲಿ ಇನ್ನೂ ಆ ಪಾಠ ಬಂದಿಲ್ಲ. ಮುಂದಿನ ವರ್ಷ ಎಂದು ನಾನು ಹೇಳಲಿಲ್ಲ. ಕೈ ತೊಳೆದುಕೊಂಡು ಅವಳ ಪಕ್ಕ ಕುಳಿತೆ, ಈರುಳ್ಳಿಯಿಂದಲೇ ಶುರುಮಾಡಿದೆ.

ಈಗ ೨೦೦೯. ನನ್ನಲ್ಲಿ ಇರುವುದು ಇಷ್ಟು: ಗಜನಿಯಲ್ಲಿ ಒಂದು ತುಂಡು ಗದ್ದೆ, ಅದಕ್ಕೊಂದು ಜಂತ್ರಡಿ. ನಾನೇ ಕಟ್ಟಿದ ಬಾವಿ ಒಂದು. ಗುಡ್ಡದಿಂದ ನೀರು ತರಲು ಕೊಡಪಾನ ಎರಡು, ಹಿಂದಿರುಗಿಸಲು ಹೋದಾಗ ದೊಡ್ಡಾಯಿ ಬೇಡವೆಂದ ಹಿತ್ತಾಳೆ ತಂಬಿಗೆ ಒಂದು. ಮಿಡಿಯ ಭರಣಿ ಮೂರು. ಉಪ್ಪಿನ ಡಬ್ಬಿ ಎರಡು, ಮಳೆಗಾಲಕ್ಕೆ ದೊಡ್ಡದು, ಬೇಸಿಗೆಗೆ ಚಿಕ್ಕದು. ಆಯಿ ಒಬ್ಬಳು, ಹೆಂಡತಿ ಒಬ್ಬಳು, ಮಗಳು ಒಬ್ಬಳು.